ಟೊಮೆಟೊ ಗಿಡದ ತಲೆಗೆ ನೀರು ಹೊಯ್ಯಬೇಡಿ

ಸಂಜೆ ಪೈಪ್ ಹಿಡಿದು ಟೊಮೆಟೊ ಗಿಡದ ತಲೆಗೆ ನೀರು ಹೊಯ್ಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ರಾತ್ರಿಯಿಡೀ ಎಲೆ ಒದ್ದೆ ಇದ್ದರೆ ರೋಗ ಬರದೆ ಇನ್ನೇನು? ಆಮೇಲೆ ‘ಆಂಟಿ, ಎಲೆ ಮೇಲೆ ಚುಕ್ಕೆ ಬಂದಿದೆ, ಯಾವ ಔಷಧಿ ಹೊಡೀಲಿ’ ಅಂತ ಫೋನ್. ಮೊದಲು ಆ ಪೈಪ್ ಕೆಳಗಿಡಿ. ನೀರು ಬೆಳಿಗ್ಗೆ, ಬುಡಕ್ಕೆ ಮಾತ್ರ.

ಚುಕ್ಕೆಯನ್ನು ಸರಿಯಾಗಿ ನೋಡಿ. ಕಂದು ಬಣ್ಣ, ಬಳೆಯೊಳಗೆ ಬಳೆ ಇಟ್ಟ ಹಾಗೆ ಉಂಗುರಗಳು, ಸುತ್ತ ಹಳದಿ ಇದ್ದರೆ ಅದು ಅಂಗಮಾರಿ. ಸಾಮಾನ್ಯವಾಗಿ ಕೆಳಗಿನ ಎಲೆಯಿಂದಲೇ ಶುರು. ರೋಗ ಮಣ್ಣಿನಲ್ಲಿ, ಉದುರಿದ ಎಲೆಯಲ್ಲಿ ಕೂತಿರುತ್ತದೆ. ನೀರು ಬಿದ್ದಾಗ ಸಿಡಿದು ಮೇಲೆ ಹತ್ತುತ್ತದೆ.

ಅದಕ್ಕೇ ಗಿಡ ಮೊಣಕಾಲೆತ್ತರ ಬಂದ ಕೂಡಲೇ ಬುಡದಿಂದ ಒಂದು ಗೇಣು ಬೋಳು ಮಾಡಬೇಕು. ಇದೊಂದನ್ನು ಮಾತ್ರ ನಾನು ಹೇಳಿದ ಹಾಗೇ ಮಾಡಿ. ಬಿಸಿಲೇರಿ ಇಬ್ಬನಿ ಪೂರ್ತಿ ಆರಿರಬೇಕು. ಒದ್ದೆ ಗಿಡ ಮುಟ್ಟಿದರೆ ನಿಮ್ಮ ಕೈಯೇ ರೋಗ ಹಂಚುತ್ತದೆ. ಎಲೆಯನ್ನು ಜಗ್ಗಬೇಡಿ, ಸಿಪ್ಪೆ ಸುಲಿದು ಕಾಂಡಕ್ಕೆ ಗಾಯವಾಗುತ್ತದೆ. ಕತ್ತರಿಯಲ್ಲಿ ಕತ್ತರಿಸಿ. ಹಾಲಿನ ಪ್ಯಾಕೆಟ್ ಕತ್ತರಿಸೋ ಕತ್ತರಿ ಬೇಡ. ಒಂದು ಗಿಡ ಮುಗಿದ ಮೇಲೆ ಕತ್ತರಿ ಬಾಯಿಯನ್ನು ಸ್ಪಿರಿಟ್ ಹಾಕಿದ ಹತ್ತಿಯಲ್ಲಿ ಒರೆಸಿಯೇ ಮುಂದಿನ ಗಿಡಕ್ಕೆ ಹೋಗಿ. ಒಂದೇ ದಿನ ಎಲ್ಲ ತೆಗೆಯಬೇಡಿ, ಇವತ್ತು ಎರಡು ಮೂರು ಎಲೆ, ಉಳಿದದ್ದು ನಾಲ್ಕು ದಿನ ಬಿಟ್ಟು. ಆಮೇಲೆ ಬುಡಕ್ಕೆ ಒಣಹುಲ್ಲೋ ತರಗೆಲೆಯೋ ಹರಡಿ, ಕಾಂಡಕ್ಕೆ ತಾಗದಿರಲಿ. ಕತ್ತರಿಸಿದ ಎಲೆ ಗೊಬ್ಬರದ ಗುಂಡಿಗೆ ಬೇಡವೇ ಬೇಡ.

ನಮ್ಮತ್ತೆ ಬೀಡಿ ಸೇದಿ ಬಂದವರನ್ನು ಕೈ ತೊಳೆಯದೆ ಟೊಮೆಟೊ ಸಾಲಿಗೆ ಬಿಡುತ್ತಿರಲಿಲ್ಲ. ಆಗ ಎಲ್ಲರೂ ಮಡಿ ಅಂತ ನಗುತ್ತಿದ್ದರು. ತಂಬಾಕಿನ ವೈರಸ್ ಟೊಮೆಟೊಗೂ ತಗಲುತ್ತದೆ, ಅವರು ಮಾಡಿದ್ದು ಸರಿ.

ಎಲೆ ಮುಟುರಿಕೊಂಡು ಗಿಡ ಕುಳ್ಳಾಗಿದ್ದರೆ ಅದು ಬಿಳಿನೊಣ ತಂದ ವೈರಸ್. ಔಷಧಿ ಇಲ್ಲ. ಸುಮ್ನೆ ಬೇವಿನೆಣ್ಣೆ ಹೊಡೆದು ಆಸೆ ಇಟ್ಟುಕೊಳ್ಳಬೇಡಿ. ನೊಣ ಪಕ್ಕದ ಗಿಡಕ್ಕೆ ಹಾರದ ಹಾಗೆ ಮೇಲಿಂದ ಚೀಲ ಮುಚ್ಚಿ, ಹಾಗೇ ಕಿತ್ತು ಹಾಕಿ.

ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಜೋತುಬಿದ್ದರೆ, ಇನ್ನಷ್ಟು ನೀರು ಸುರಿಯಬೇಡಿ. ಬುಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತೂಗಿ ಹಿಡಿಯಿರಿ. ಕತ್ತರಿಸಿದ ಕಡೆಯಿಂದ ಬೆಳ್ಳಗಿನ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಆ ಕುಂಡದ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬೇಡಿ.

ಪ್ರತಿ ವರ್ಷ ಇದೇ ಗೋಳು ಅನ್ನುವವರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬೀಜ ತನ್ನಿ. ಎಲೆ ಮುಟುರು, ಸೊರಗು, ಅಂಗಮಾರಿ ಮೂರನ್ನೂ ತಡೆಯುವ ತಳಿ ಅದು. ಹೈಬ್ರಿಡ್ ಆದ್ದರಿಂದ ಹಣ್ಣಿನ ಬೀಜ ಒಣಗಿಸಿ ಇಟ್ಟುಕೊಳ್ಳಬೇಡಿ, ಮುಂದಿನ ಸಲ ಹೊಸದೇ ಕೊಳ್ಳಿ.