ಆರ್ಥರ್‌ನನ್ನು ಸ್ಮಶಾನ ದಾಟಿಸುವುದು ಹೇಗೆ?

ಸ್ಮಶಾನದಲ್ಲಿ ಆರ್ಥರ್ ಎಂಬ ವೀರ ಬರೀ ಚಡ್ಡಿಯಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ರಾಜಕುಮಾರಿ. ಸೈತಾನ ಹಾರಿಬಂದು ಅವಳನ್ನು ಹೊತ್ತೊಯ್ಯುತ್ತಾನೆ. ವೀರ ಕವಚ ತೊಟ್ಟು ಅವನ ಹಿಂದೆ ಓಡುತ್ತಾನೆ. 1985ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಆರ್ಕೇಡ್‌ಗೆ, ಅಂದರೆ ಕಾಸು ಹಾಕಿ ಆಡುವ ಯಂತ್ರಕ್ಕೆ, ತಂದ ‘ಮಕೈಮುರ’ ಎಂಬ ವಿಡಿಯೊ ಗೇಮ್ ಶುರುವಾಗುವುದು ಹೀಗೆ. ದೆವ್ವಲೋಕದ ಊರು ಎಂದು ಆ ಹೆಸರಿನ ಅರ್ಥ. ಹೊರದೇಶಗಳಲ್ಲಿ ಇದು ‘ಘೋಸ್ಟ್ಸ್ ಎನ್ ಗಾಬ್ಲಿನ್ಸ್’. ಇದರ ರೂವಾರಿ ಟೊಕುರೊ ಫುಜಿವಾರ.

ಒಂದು ಏಟಿಗೆ ಕವಚ ಉದುರುತ್ತದೆ, ಆರ್ಥರ್ ಮತ್ತೆ ಚಡ್ಡಿಯಲ್ಲಿ. ಇನ್ನೊಂದು ಏಟಿಗೆ ಬರೀ ಮೂಳೆ. ಅಷ್ಟೇ ಆಯುಸ್ಸು! ಹೊಸಬರು ಮೊದಲ ಹಂತದಲ್ಲೇ ಕೈಚೆಲ್ಲುವುದು ಇದಕ್ಕೇ. ಆದರೆ ಆ ಹಂತ ದಾಟಲು ಚುರುಕು ಬೆರಳಿಗಿಂತ ತಾಳ್ಮೆ ಜಾಸ್ತಿ ಬೇಕು.

ಮೊದಲು ಆವೃತ್ತಿ ಆರಿಸಿ

1986ರಲ್ಲಿ ಇದು ಮನೆಯ ಟಿವಿಯಲ್ಲಿ ಆಡುವ ನಿಂಟೆಂಡೊದ ಕನ್ಸೋಲ್ ಫ್ಯಾಮಿಕಾಮ್‌ಗೆ ಬಂತು. ಆ ಕೆಲಸ ಮಾಡಿದ್ದು ಮೈಕ್ರಾನಿಕ್ಸ್ ಎಂಬ ಹೊರಗಿನ ಸಂಸ್ಥೆ. ಚಿತ್ರ ಮಿಣುಕುತ್ತದೆ, ಓಟ ತಡವರಿಸುತ್ತದೆ. ನಾನು ಮೊದಲು ಆಡಿದ್ದು ಇದನ್ನೇ, ಟಿವಿಗೆ ಸಿಕ್ಕಿಸುವ ನಕಲಿ ಕನ್ಸೋಲ್‌ನ ಕ್ಯಾಸೆಟ್‌ನಲ್ಲಿ. ಸತ್ತಿದ್ದು ನನ್ನ ತಪ್ಪಿಗೋ ಅದರ ತಪ್ಪಿಗೋ ಎಂದು ಗೊತ್ತೇ ಆಗುತ್ತಿರಲಿಲ್ಲ. ಕಲಿಯಲು ಆರ್ಕೇಡ್ ಆವೃತ್ತಿಯೇ ವಾಸಿ. 2021ರ ‘ಕ್ಯಾಪ್‌ಕಾಮ್ ಆರ್ಕೇಡ್ ಸ್ಟೇಡಿಯಂ’ ಎಂಬ ಹಳೆಯ ಆಟಗಳ ಸಂಗ್ರಹದಲ್ಲಿ ಅದು ಸಿಗುತ್ತದೆ. ಅದರಲ್ಲಿ ಆಟವನ್ನು ಹಿಂದಕ್ಕೆ ಸುತ್ತುವ ಸೌಲಭ್ಯವೂ ಇದೆ. ಕಲಿಯುವಾಗ ಅದನ್ನು ಬಳಸಲು ನಾಚಿಕೆ ಬೇಡ.

ಜಿಗಿತ ಕಲಿಯಿರಿ

ಇರುವುದು ಎರಡೇ ಬಟನ್: ಎಸೆತ, ಜಿಗಿತ. ಕಷ್ಟವೆಲ್ಲ ಜಿಗಿತದ್ದು. ಕಾಲು ನೆಲ ಬಿಟ್ಟ ಮೇಲೆ ಆರ್ಥರ್ ನಿಮ್ಮ ಮಾತು ಕೇಳುವುದಿಲ್ಲ. ಗಾಳಿಯಲ್ಲಿ ದಿಕ್ಕು ಬದಲಿಸಲು ಆಗದು. ನಿಂತಲ್ಲಿಂದ ಜಿಗಿದರೆ ನೇರ ಮೇಲೆ ಹೋಗಿ ಅಲ್ಲೇ ಇಳಿಯುತ್ತಾನೆ. ಓಡುತ್ತಾ ಜಿಗಿದರೆ ಪ್ರತಿ ಸಲವೂ ಅಷ್ಟೇ ದೂರ ಹೋಗಿ ಬೀಳುತ್ತಾನೆ, ಅಲ್ಲಿ ಪ್ರೇತ ಕಾಯುತ್ತಿದ್ದರೂ.

ಹಾಗಾಗಿ ಒಂದು ಗೋರಿಕಲ್ಲನ್ನು ಗುರುತು ಇಟ್ಟುಕೊಳ್ಳಿ. ಅದರ ಆಚೆ ಈಚೆ ಹತ್ತು ಹದಿನೈದು ಸಲ ಜಿಗಿಯಿರಿ. ಎಲ್ಲಿಂದ ಜಿಗಿದರೆ ಎಲ್ಲಿ ಇಳಿಯುತ್ತೀರಿ ಎಂಬುದು ಕಣ್ಣಿಗೆ ಕೂರಬೇಕು. ಆಮೇಲೆ ಒಂದೇ ನಿಯಮ: ಇಳಿಯುವ ಜಾಗ ಖಾಲಿ ಕಾಣುವವರೆಗೆ ಜಿಗಿಯಬೇಡಿ. ನಿಂತು ಈಟಿ ಎಸೆದು ದಾರಿ ಮಾಡಿಕೊಳ್ಳಿ. ಹಾಗಂತ ಅದೇ ಗೋರಿಕಲ್ಲಿಗೆ ಸುಮ್ನೆ ಈಟಿ ಎಸೆಯುತ್ತಾ ಕೂರಬೇಡಿ. ಜಾಸ್ತಿ ಏಟು ಬಿದ್ದರೆ ಮಂತ್ರವಾದಿ ಎದ್ದು ಬರುತ್ತಾನೆ, ಅವನ ಮಂತ್ರ ತಗುಲಿದರೆ ಆರ್ಥರ್ ಕಪ್ಪೆ!

ಎಲ್ಲ ಆಯುಧ ಎತ್ತಬೇಡಿ

ಮಡಕೆ ಹೊತ್ತ ಶತ್ರು ಸತ್ತರೆ ಆಯುಧ ಬೀಳುತ್ತದೆ. ತುಳಿದರೆ ಸಾಕು, ಕೈಯಲ್ಲಿದ್ದದ್ದು ಹೋಗಿ ಅದು ಬರುತ್ತದೆ. ಚೂರಿ ವೇಗವಾಗಿ ಹೋಗುತ್ತದೆ, ಸಿಕ್ಕರೆ ಬಿಡಬೇಡಿ. ಪಂಜು ಸಿಕ್ಕರೆ ಮಾತ್ರ ಹಾರಿ ದಾಟಿ. ಅದು ಬಾಗಿ ಹತ್ತಿರದಲ್ಲೇ ಬಿದ್ದು ಉರಿಯುತ್ತದೆ. ದೂರದ ಶತ್ರುವಿಗೆ ತಲುಪುವುದೇ ಇಲ್ಲ.

ಕೆಂಪು ದೆವ್ವ

ಈಗ ಬರುತ್ತಾನೆ ರೆಡ್ ಅರೀಮರ್. ನೆಲದ ಮೇಲೆ ಸುಮ್ಮನೆ ಕೂತಿರುತ್ತಾನೆ, ಕಲ್ಲಿನ ಬೊಂಬೆಯ ಹಾಗೆ. ಈಟಿ ಎಸೆದಿರೋ, ಎದ್ದು ಹಾರುತ್ತಾನೆ. ಬಹುತೇಕರು ಇಲ್ಲಿ ಗಾಬರಿಯಾಗಿ ಬಟನ್ ಕುಟ್ಟುತ್ತಾರೆ, ಅವನು ಆರಾಮವಾಗಿ ತಪ್ಪಿಸಿಕೊಳ್ಳುತ್ತಾನೆ.

ಅವನು ಮೇಲಿರುವಾಗ ಎಸೆದು ಪ್ರಯೋಜನವಿಲ್ಲ. ಅವನು ಕೆಳಗೆ ಎರಗುವವರೆಗೆ ಕಾಯಿರಿ. ಎರಗಲು ಶುರು ಮಾಡಿದ ಕೂಡಲೇ ಅವನ ಅಡಿಯಿಂದ ಆಚೆಗೆ ಓಡಿ, ತಿರುಗಿ ಎಸೆಯಿರಿ. ಅವನು ನಿಮ್ಮ ಎತ್ತರಕ್ಕೆ ಇಳಿದ ಆ ಒಂದು ಕ್ಷಣವೇ ನಿಮ್ಮದು. ತಪ್ಪಿತಾ? ಮತ್ತೆ ಅದೇ ಆಟ. ಜಿಗಿಯುವ ಆಸೆ ಮಾತ್ರ ಬಿಡಿ. ಅಂದ ಹಾಗೆ, ಈ ತರಲೆಯನ್ನು ಆಟಗಾರರು ಎಷ್ಟು ನೆನಪಿಟ್ಟುಕೊಂಡರೆಂದರೆ, 1990ರಲ್ಲಿ ನಿಂಟೆಂಡೊದ ಕೈಯಲ್ಲಿ ಹಿಡಿಯುವ ಕನ್ಸೋಲ್ ಗೇಮ್ ಬಾಯ್‌ನಲ್ಲಿ ಇವನೇ ನಾಯಕನಾದ ಆಟ ಬಂತು.

ಹಂತದ ನಡುವೆ ಒಂದು ಗುರುತಿದೆ. ಅದನ್ನು ದಾಟಿ ಸತ್ತರೆ ಅಲ್ಲಿಂದಲೇ ಮತ್ತೆ ಶುರು. ಕೊನೆಯ ರಾಕ್ಷಸನನ್ನು ಕೊಂದರೆ ಬೀಗದ ಕೈ ಬೀಳುತ್ತದೆ. ಎತ್ತಿಕೊಳ್ಳಿ, ಬಾಗಿಲು ತೆರೆಯಿತು.

ಇಷ್ಟು ಕಷ್ಟವೇ ಬೇಡ ಎನ್ನುವವರಿಗೆ ಮುಂದಿನ ಭಾಗಗಳಿವೆ. 1988ರ ‘ದಾಯ್‌ಮಕೈಮುರ’ದಲ್ಲಿ ಮೇಲಕ್ಕೂ ಎಸೆಯಬಹುದು. ಸೆಗಾ ಕಂಪನಿಯ ಮೆಗಾ ಡ್ರೈವ್ ಕನ್ಸೋಲ್‌ಗೆ ಬಂದ ಅದರ 1989ರ ಆವೃತ್ತಿಯ ಪ್ರೋಗ್ರಾಂ ಬರೆದವರು ಯೂಜಿ ನಾಕಾ, ಆಮೇಲೆ ‘ಸೋನಿಕ್’ ಆಟ ಮಾಡಿದವರು. ನಿಂಟೆಂಡೊದ ಮುಂದಿನ ಕನ್ಸೋಲ್ ಸೂಪರ್ ಫ್ಯಾಮಿಕಾಮ್‌ಗೆ ಬಂದ 1991ರ ಭಾಗದಲ್ಲಂತೂ ಗಾಳಿಯಲ್ಲಿದ್ದಾಗಲೇ ಇನ್ನೊಮ್ಮೆ ಜಿಗಿಯಬಹುದು.

ಮೊದಲನೆಯದನ್ನೇ ಹಿಡಿದು ಕೊನೆವರೆಗೆ ಹೋದರೆ ಇನ್ನೊಂದು ಪೆಟ್ಟಿದೆ. ಇದೆಲ್ಲ ಸೈತಾನನ ಮಾಯೆ ಎಂದು ಹೇಳಿ ಆಟ ನಿಮ್ಮನ್ನು ಮೊದಲ ಹಂತಕ್ಕೆ ಅಟ್ಟುತ್ತದೆ. ಎರಡನೇ ಸುತ್ತು ಮುಗಿಸಿದರೇ ರಾಜಕುಮಾರಿ ಸಿಗುವುದು. ಆಗ ಫ್ಯಾಮಿಕಾಮ್ ಆವೃತ್ತಿ ನಿಮ್ಮನ್ನು ಅಭಿನಂದಿಸುವ ಪದ ‘ಕಾಂಗ್ರಾಚುರೇಶನ್’. ಹೌದು, ಅದೇ ಕಾಗುಣಿತ.