ಹೆಡ್‌ಫೋನಿಗೆ ಕಳಚುವ ಕೇಬಲ್ ಹಾಕಿಕೊಂಡ ಬಗೆ

ಹೆಡ್‌ಫೋನ್ ಕೆಟ್ಟಿತು ಅಂದರೆ ಸಾಮಾನ್ಯವಾಗಿ ಕೆಟ್ಟಿರುವುದು ಅದರ ಕೇಬಲ್. ಒಳಗಿನ ಡ್ರೈವರುಗಳು, ಅಂದರೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರುಗಳು, ವರ್ಷಗಟ್ಟಲೆ ಏನೂ ಆಗದೆ ಹಾಡುತ್ತಲೇ ಇರುತ್ತವೆ. ವೈರ್ ತುಂಡಾಗುವುದು ಒಂದೋ ಪಿನ್ನಿನ ಬುಡದಲ್ಲಿ, ಇಲ್ಲವೇ ಕಿವಿಯ ಮೇಲೆ ಕೂರುವ ಕಪ್ಪಿನೊಳಕ್ಕೆ ನುಗ್ಗುವ ಕಡೆ. ನನ್ನದರಲ್ಲಿ ಎರಡನೆಯದು. ಕತ್ತು ತಿರುಗಿಸಿದರೆ ಎಡಗಡೆಯ ಸದ್ದು ಮಾಯ, ಕೇಬಲಿನ ಬುಡವನ್ನು ಬೆರಳಲ್ಲಿ ಒತ್ತಿ ಹಿಡಿದರೆ ವಾಪಸ್. ತುಂಡಾದಷ್ಟು ಕತ್ತರಿಸಿ ಮತ್ತೆ ಬೆಸುಗೆ ಹಾಕಿಕೊಂಡರೆ ಸ್ವಲ್ಪ ದಿನ ನಡೆಯುತ್ತದೆ, ಆಮೇಲೆ ಅದೇ ಕಥೆ. ಹಾಗಾಗಿ ಈ ಸಲ ಕಪ್ಪಿಗೇ ಒಂದು ಸಾಕೆಟ್ ಕೂರಿಸಿ, ಕೇಬಲನ್ನು ಬೇಕಾದಾಗ ಕಳಚುವಂತೆ ಮಾಡಿಕೊಂಡೆ.

ತಯಾರಕರಿಗೂ ಇದು ಗೊತ್ತಿರುವ ವಿಷಯವೇ. ಆಡಿಯೋ-ಟೆಕ್ನಿಕಾ ಕಂಪನಿಯ ಎಂ50 ಹೆಡ್‌ಫೋನಿಗೆ ಕೇಬಲ್ ಖಾಯಂ ಆಗಿ ಅಂಟಿಕೊಂಡಿತ್ತು. 2014ರಲ್ಲಿ ಎಂ50ಎಕ್ಸ್ ಬಂದಾಗ ಅದನ್ನು ಕಳಚಬಹುದಾಯಿತು. ಎಕೆಜಿಯ ಕೆ240 ಸ್ಟುಡಿಯೋದಲ್ಲಿ ಮಿನಿ ಎಕ್ಸ್‌ಎಲ್‌ಆರ್ ಅನ್ನುವ ಮೂರು ಪಿನ್ನಿನ ದುಂಡು ಸಾಕೆಟ್ ಇದೆ. ಹಾಗೆ ಬಂದಿಲ್ಲದ ಹೆಡ್‌ಫೋನುಗಳಿಗೆ ನಾವೇ ಕೈ ಹಾಕಬೇಕು.

ಈ ಕೆಲಸ ಅಂದಾಗ ಎಲ್ಲರೂ ಹೆದರುವುದು ಸೋಲ್ಡರಿಂಗಿಗೆ. ನನ್ನ ಮಟ್ಟಿಗೆ ಅದು ಸುಲಭದ ಭಾಗ, ಇರುವುದೇ ಮೂರು ವೈರು. ತಲೆ ಕೆಡಿಸಿದ್ದು ಜಾಗ. ಸಾಕೆಟ್ ಎಲ್ಲಿ ಕೂರುತ್ತದೆ, ಅದರ ಹಿಂಭಾಗ ಏನಕ್ಕೆ ತಾಗುತ್ತದೆ, ನಟ್ಟಿಗೆ ಸಾಕಷ್ಟು ಥ್ರೆಡ್ ಹೊರಗೆ ಉಳಿಯುತ್ತದೆಯೇ? ಇಷ್ಟು ಇತ್ಯರ್ಥವಾದರೆ ಉಳಿದದ್ದು ತಾನಾಗಿ ಆಗುತ್ತದೆ.

ಮೊದಲು ಯಾವ ಸಾಕೆಟ್ ಅನ್ನುವುದು. 2.5 ಮಿ.ಮೀ.ನದು ಚಿಕ್ಕದು, ಎಲ್ಲಿ ಬೇಕಾದರೂ ತೂರುತ್ತದೆ, ಆದರೆ ಅದರ ಪಿನ್ ತೀರಾ ಸಣಕಲು. ಅಡ್ಡ ಎಳೆತಕ್ಕೆ ಬಾಗುತ್ತದೆ. ಮಿನಿ ಎಕ್ಸ್‌ಎಲ್‌ಆರ್ ಗಟ್ಟಿ, ಕ್ಲಿಕ್ ಎಂದು ಲಾಕ್ ಆಗುತ್ತದೆ, ಸ್ಟುಡಿಯೋದವರಿಗೆ ಇಷ್ಟ. ಕೇಬಲ್ ಕಾಲಿಗೆ ಸಿಕ್ಕಿದರೆ ಪಿನ್ ಕಳಚಿಕೊಂಡು ಹೋಗಲಿ, ತಲೆಯ ಮೇಲಿನ ಹೆಡ್‌ಫೋನ್ ಉಳಿಯಲಿ ಅನ್ನುವವನು ನಾನು, ಹಾಗಾಗಿ ಲಾಕ್ ನನಗೆ ಬೇಡವಾಗಿತ್ತು. 3.5 ಮಿ.ಮೀ. ಸ್ಟೀರಿಯೋ ಸಾಕೆಟ್ ಆರಿಸಿದೆ. ಎರಡೂ ತುದಿಗೆ ಪಿನ್ ಇರುವ ಮಾಮೂಲಿ ಕೇಬಲ್ ಸಾಕು, ಅದು ಕೆಟ್ಟರೆ ಇನ್ನೊಂದು ಚುಚ್ಚಿಕೊಂಡರಾಯಿತು.

ನನ್ನದು ಕಿವಿಯನ್ನು ಪೂರ್ತಿ ಮುಚ್ಚುವ, ಕೇಬಲ್ ಎಡಗಪ್ಪಿಗೆ ಮಾತ್ರ ಬರುವ ಮಾದರಿ. ಬಲಗಡೆಗೆ ಹೋಗುವ ತೆಳು ವೈರುಗಳು ತಲೆಪಟ್ಟಿಯೊಳಗಿನಿಂದ ಹಾಯ್ದಿರುತ್ತವೆ. ಇಯರ್ ಪ್ಯಾಡನ್ನು ಅಂಚಿನಿಂದ ಬಿಡಿಸಿದರೆ ಕೆಳಗೆ ಸ್ಕ್ರೂಗಳು. ಅವನ್ನು ತೆಗೆದರೆ ಡ್ರೈವರ್ ಕೂತಿರುವ ತಟ್ಟೆ ಮೇಲೆ ಬರುತ್ತದೆ. ಇಲ್ಲಿ ಅವಸರದಿಂದ ಎಳೆಯುವ ಹಾಗಿಲ್ಲ, ಹಿಂದೆ ಕೂದಲೆಳೆಯಂಥ ವೈರುಗಳಿರುತ್ತವೆ. ಏನನ್ನಾದರೂ ಕತ್ತರಿಸುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಒಳಗಿನ ಜಾಗ ಅಳೆಯಲು ನಾನು ಬಳಸಿದ್ದು ಮಕ್ಕಳು ಆಡುವ ಕ್ಲೇ. ಸಾಕೆಟ್ ಬರಬೇಕಾದ ಕಡೆ ಒಂದು ಉಂಡೆ ಇಟ್ಟು, ತಟ್ಟೆಯನ್ನು ಸ್ಕ್ರೂ ಹಾಕಿ ಮುಚ್ಚಿ, ಮತ್ತೆ ಬಿಚ್ಚಿ ನೋಡಿದೆ. ಎಷ್ಟು ದಪ್ಪಕ್ಕೆ ಉಳಿದಿದೆಯೋ ಅಷ್ಟೇ ನಮಗಿರುವ ಜಾಗ. ಮ್ಯಾಗ್ನೆಟ್ಟಿನ ಅಂಚು ಎಲ್ಲಿ ಬರುತ್ತದೆ ಅನ್ನುವುದೂ ಅಚ್ಚಾಗಿ ಮೂಡಿರುತ್ತದೆ. ಸಾಕೆಟ್ಟನ್ನು ಖಾಲಿ ಇಟ್ಟು ಅಳೆದರೆ ಸಾಲದು. 3.5 ಮಿ.ಮೀ. ಪಿನ್ ಸುಮಾರು 14 ಮಿ.ಮೀ. ಒಳಗೆ ಹೋಗುತ್ತದೆ, ಒಳಗೆ ಹೋದಾಗ ಅದನ್ನು ಹಿಡಿಯುವ ಸಾಕೆಟ್ಟಿನ ಸ್ಪ್ರಿಂಗ್ ಎಲೆಗಳು ಹೊರಕ್ಕೆ ಬಾಗುತ್ತವೆ. ಆ ಎಲೆ ಡ್ರೈವರಿನ ಲೋಹಕ್ಕೋ ಇನ್ನೊಂದು ವೈರಿಗೋ ತಾಗುವಂತಿರಬಾರದು. ಪಿನ್ ಚುಚ್ಚಿಟ್ಟೇ ಅಳೆಯಿರಿ.

ಹಳೆಯ ಕೇಬಲ್ ಬರುತ್ತಿದ್ದ ತೂತೇ ನನಗೆ ಸಾಕೆಟ್ಟಿನ ಜಾಗವಾಯಿತು. ರಬ್ಬರ್ ಬುಶ್ ಕಿತ್ತ ಮೇಲೆ ಉಳಿದ ತೂತನ್ನು 6 ಮಿ.ಮೀ.ಗೆ ಹಿಗ್ಗಿಸಬೇಕಿತ್ತು. ಡ್ರಿಲ್ ಮಷೀನನ್ನು ಜೋರಾಗಿ ಓಡಿಸಿದರೆ ಪ್ಲಾಸ್ಟಿಕ್ ಬಿಸಿಯಾಗಿ ಕರಗುತ್ತದೆ, ಬಿಟ್ ಕಚ್ಚಿಕೊಂಡು ಕಪ್ಪನ್ನೇ ಸೀಳಬಹುದು. ಬಿಟ್ಟನ್ನು ಕೈಯಲ್ಲೇ ತಿರುಗಿಸಿ, ಕೊನೆಯ ಅಳತೆಗೆ ಸಣ್ಣ ದುಂಡು ಅರದಿಂದ ಉಜ್ಜಿದೆ. ಕಪ್ಪಿನ ಗೋಡೆ ದಪ್ಪಗಿದ್ದುದರಿಂದ ನಟ್ಟಿಗೆ ಥ್ರೆಡ್ ಸಿಗುತ್ತಿರಲಿಲ್ಲ. ಒಳಮುಖದಲ್ಲಿ ಸಾಕೆಟ್ ಕೂರುವಷ್ಟು ಅಗಲಕ್ಕೆ ಕೆರೆದು ತೆಳು ಮಾಡಿದೆ. ಹೊರಮುಖದಲ್ಲಿ ಗುಂಡಿ ತೋಡಿ ಸಾಕೆಟ್ಟನ್ನು ಒಳಕ್ಕೆ ಇಳಿಸಿದ್ದರೆ ನೋಡಲು ಚೆನ್ನ, ಆದರೆ ಆಮೇಲೆ ದಪ್ಪ ಹಿಡಿಯ ಪಿನ್ನುಗಳು ಪೂರ್ತಿ ಒಳಗೆ ಹೋಗುವುದಿಲ್ಲ.

ತೂತು ಕೊರೆಯುವ ಹೊತ್ತಿಗೆ ಡ್ರೈವರ್ ಅಲ್ಲಿರಬಾರದು. ಅದರ ಮ್ಯಾಗ್ನೆಟ್ ಪುಟ್ಟದಾದರೂ ಬಲು ಜೋರು. ಅರದಿಂದ ಉದುರಿದ ಕಬ್ಬಿಣದ ಪುಡಿ ಒಂದು ಚೂರು ಸಿಕ್ಕರೂ ಸೆಳೆದುಕೊಳ್ಳುತ್ತದೆ. ಆ ಚೂರು ಡ್ರೈವರಿನ ಅದುರುವ ಪೊರೆಯ ಹತ್ತಿರ ಸೇರಿದರೆ ಬಾಸ್ ಬಂದಾಗಲೆಲ್ಲ ಚರಚರ ಅನ್ನುತ್ತದೆ, ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ. ಡ್ರೈವರನ್ನು ಬಟ್ಟೆಯಲ್ಲಿ ಸುತ್ತಿ ದೂರ ಇಟ್ಟಿದ್ದೆ. ಬಲಗಡೆಗೆ ಹೋಗುವ ವೈರಿನಿಂದಾಗಿ ಎಡಗಪ್ಪು ಪೂರ್ತಿ ಬೇರೆಯಾಗದಿದ್ದರೆ, ಕೊನೇಪಕ್ಷ ಡ್ರೈವರಿನ ಮುಂದೆ ಹಿಂದೆ ಪೇಪರ್ ಟೇಪ್ ಅಂಟಿಸಿ.

ಇನ್ನು ವೈರುಗಳು. ಸ್ಟೀರಿಯೋ ಪಿನ್ನಿನ ತುದಿ ಎಡ, ನಡುವಿನ ಉಂಗುರ ಬಲ, ಬುಡ ಎರಡಕ್ಕೂ ಸಾಮಾನ್ಯವಾದ ಗ್ರೌಂಡ್. ವೈರಿನಲ್ಲಿ ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡಿಗೆ ಅನ್ನುವುದು ರೂಢಿ. ರೂಢಿ ಅಷ್ಟೇ, ಎಲ್ಲರೂ ಪಾಲಿಸುವುದಿಲ್ಲ. ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು ಎರಡು ವೈರಿಗೆ ತಾಗಿಸಿದರೆ ಯಾವ ಕಡೆಯ ಡ್ರೈವರ್ ಟಿಕ್ ಅನ್ನುತ್ತದೋ ಅದೇ ಆ ಕಡೆಯದು. ಮೀಟರಿನಲ್ಲಿ ಕಾಣುವ ಅಂಕಿ ಹೆಡ್‌ಫೋನಿನ ಮೇಲೆ ಓಮ್ಸ್‌ನಲ್ಲಿ ಬರೆದಿರುವ ಇಂಪೀಡೆನ್ಸಿಗಿಂತ ಸ್ವಲ್ಪ ಕಡಿಮೆ ಇರುತ್ತದೆ. 32 ಓಮ್ಸ್ ಡ್ರೈವರ್ 30ರ ಆಸುಪಾಸು ತೋರಿಸಿದರೆ ಗಾಬರಿ ಬೇಡ. ಎಡ ಬಲ ಹೆಚ್ಚುಕಡಿಮೆ ಒಂದೇ ಬರಬೇಕು, ಅದು ಮುಖ್ಯ.

ಈ ವೈರುಗಳ ಎಳೆಗಳ ಮೇಲೆ ಬಣ್ಣದ ಎನಾಮಲ್ ಲೇಪ ಇರುತ್ತದೆ, ನಡುವೆ ಗಟ್ಟಿಯಾಗಿರಲೆಂದು ನೂಲೂ ಇರುತ್ತದೆ. ಹಾಗೇ ಸೋಲ್ಡರ್ ಮಾಡಲು ಹೋದರೆ ಹಿಡಿಯುವುದೇ ಇಲ್ಲ. ಬ್ಲೇಡಿನಿಂದ ಕೆರೆದರೆ ಎಳೆಗಳು ತುಂಡಾಗುತ್ತವೆ. ಸೋಲ್ಡರಿಂಗ್ ಐರನ್ನನ್ನು 380 ಡಿಗ್ರಿಯಷ್ಟು ಕಾಯಿಸಿ, ತುದಿಯಲ್ಲಿ ಒಂದು ಹನಿ ಸೋಲ್ಡರ್ ಕರಗಿಸಿಕೊಂಡು, ವೈರಿನ ತುದಿಯನ್ನು ಆ ಹನಿಯೊಳಗೆ ಹಿಡಿದರೆ ಲೇಪ ಸುಟ್ಟು ಹೋಗಿ ತಾಮ್ರ ಬೆಳ್ಳಗಾಗುತ್ತದೆ. ಹೊಗೆ ಬರುತ್ತದೆ, ಕಿಟಕಿ ತೆಗೆದಿಡಿ. ಸಾಕೆಟ್ಟಿಗೆ ಜೋಡಿಸುವಾಗ ಮಾತ್ರ ಐರನ್ ಒಂದೆರಡು ಸೆಕೆಂಡಿಗಿಂತ ಹೆಚ್ಚು ತಾಗಿಸಬಾರದು, ಪ್ಲಾಸ್ಟಿಕ್ ಮೆತ್ತಗಾಗಿ ಒಳಗಿನ ಎಲೆಗಳು ಅಲುಗಾಡುತ್ತವೆ. ಕತ್ತರಿಸಿದ ಹಳೆಯ ಕೇಬಲಿನ ಪಿನ್ನನ್ನು ಸಾಕೆಟ್ಟಿನಲ್ಲಿ ಚುಚ್ಚಿಟ್ಟುಕೊಂಡು ಕೆಲಸ ಮಾಡಿದೆ. ಎಲೆಗಳು ಜಾಗ ಬಿಡಲಿಲ್ಲ, ಬಿಸಿಯನ್ನೂ ಪಿನ್ ಸ್ವಲ್ಪ ಹೀರಿಕೊಂಡಿತು. ಕೆಲವು ಸಾಕೆಟ್ಟುಗಳಿಗೆ ಐದು ಕಾಲು ಇರುತ್ತವೆ. ಹೆಚ್ಚಿನ ಎರಡು ಸ್ವಿಚ್ಚಿನವು, ಪಿನ್ ಹಾಕಿ ಮೀಟರಿನಲ್ಲಿ ಗುರುತಿಸಿ ಹಾಗೇ ಬಿಟ್ಟುಬಿಡಿ.

ಡ್ರೈವರಿನ ಮೇಲಿನ ಮೂಲ ಬೆಸುಗೆಯನ್ನು ನಾನು ಮುಟ್ಟಲಿಲ್ಲ. ಅದರ ಹಿಂದೆಯೇ ಕಾಯಿಲ್‌ನ ಅತಿ ತೆಳುವಾದ ತಂತಿ ಇದೆ, ಬಿಸಿ ಹೆಚ್ಚಾದರೆ ಅದು ಬಿಟ್ಟುಕೊಳ್ಳುತ್ತದೆ. ಆಮೇಲೆ, ಐರನ್ನಿನ ತುದಿಯನ್ನು ಮ್ಯಾಗ್ನೆಟ್ ಎಳೆದುಕೊಂಡು ಪೊರೆಯ ಕಡೆ ಜಾರಿಸುವ ಅಪಾಯ ಬೇರೆ. ಒಳಗಿದ್ದ ಹಳೆಯ ವೈರುಗಳ ತುದಿಯಿಂದಲೇ ಹೊಸ ವೈರು ಜೋಡಿಸಿ, ಪ್ರತಿ ಕೂಡಿಕೆಗೂ ಹೀಟ್ ಶ್ರಿಂಕ್, ಅಂದರೆ ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ, ತೊಡಿಸಿದೆ. ಮುಂದೆ ಬಿಚ್ಚುವಾಗ ತಟ್ಟೆಯನ್ನು ಆರಾಮಾಗಿ ಪಕ್ಕಕ್ಕಿಡುವಷ್ಟು ಉದ್ದ ಬಿಟ್ಟಿದ್ದೇನೆ.

ಮುಚ್ಚುವ ಮೊದಲು ಕೇಳಿ ನೋಡಿದೆ. ಎಡ ಮಾತ್ರ, ಬಲ ಮಾತ್ರ, ಕೊನೆಗೆ ಮೋನೋ, ಅಂದರೆ ಎರಡೂ ಕಡೆ ಒಂದೇ ಸದ್ದು. ಮೋನೋದಲ್ಲಿ ಹಾಡುವವರ ದನಿ ತಲೆಯ ನಟ್ಟನಡುವೆ ಕೂರಬೇಕು. ದನಿ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯದೆ ಬಾಸ್ ತೆಳುವಾಗಿದ್ದರೆ ಒಂದು ಡ್ರೈವರಿನ ಎರಡು ವೈರು ಅದಲುಬದಲಾಗಿವೆ ಎಂದರ್ಥ.

ಬಾಸ್ ಕಡಿಮೆಯಾಗಲು ಇನ್ನೊಂದು ಕಾರಣವೂ ಇದೆ, ಗಾಳಿ ಸೋರಿಕೆ. ಮುಚ್ಚಿದ ಕಪ್ಪಿಗೆ ಹೊಸ ತೂತು ಕೊರೆದಿದ್ದೇವೆ, ಸಾಕೆಟ್ಟಿನ ಸುತ್ತ ಸಂದಿ ಉಳಿದರೆ ಕಿವಿಗೆ ಗೊತ್ತಾಗುತ್ತದೆ. ಒಳಗಿನಿಂದ ಸುತ್ತಲೂ ಹಾಟ್ ಗ್ಲೂ ಬಳಿದೆ. ಸೂಪರ್ ಗ್ಲೂ ಬೇಡ. ಅದರ ಆವಿ ಬಿಳಿ ಪದರವಾಗಿ ಎಲ್ಲದರ ಮೇಲೆ ಕೂರುತ್ತದೆ, ಸಾಕೆಟ್ಟಿನ ಎಲೆಗಳ ಮೇಲೂ. ಹಾಟ್ ಗ್ಲೂ ಆದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದರೆ ಬಿಟ್ಟುಬರುತ್ತದೆ. ಡ್ರೈವರಿನ ಹಿಂದೆ ಕಾಗದ ಅಥವಾ ಬಟ್ಟೆ ಅಂಟಿಸಿದ ಸಣ್ಣ ರಂಧ್ರಗಳಿದ್ದರೆ ಅವು ಬೇಕೆಂದೇ ಇಟ್ಟವು, ಮುಚ್ಚಬೇಡಿ.

ಕೇಬಲ್ ಕೊಳ್ಳುವಾಗ ಮೆತ್ತನೆಯದು ನೋಡಿ. ದಾರ ಹೆಣೆದ ಬಿರುಸು ಕೇಬಲ್ ಅಂಗಿಗೆ ಉಜ್ಜಿದ ಸದ್ದೆಲ್ಲ ನೇರ ಕಿವಿಗೆ ಬರುತ್ತದೆ. ಹೆಡ್‌ಫೋನಿಗೆ ಚುಚ್ಚುವ ತುದಿಯಲ್ಲಿ ಎರಡು ಕರಿ ಗೆರೆಯ ಪಿನ್ನೇ ಇರಲಿ. ಮೂರು ಗೆರೆ ಇದ್ದರೆ ಅದು ಮೈಕ್ ಸೇರಿರುವ ಪಿನ್. ಅದರ ಬುಡ ಸಾಮಾನ್ಯವಾಗಿ ಮೈಕಿನದು, ನಮ್ಮ ಸಾಕೆಟ್ಟಿನ ಗ್ರೌಂಡ್ ಅದಕ್ಕೆ ತಾಗಿ ಹಾಡಿನ ದನಿ ಟೊಳ್ಳಾಗಿ ಕೇಳುತ್ತದೆ.

ಕಪ್ಪಿನಲ್ಲಿ ಜಾಗವೇ ಇಲ್ಲದಿದ್ದರೆ ಹಟ ಹಿಡಿಯಬೇಡಿ. ಹಳೆಯ ಕೇಬಲಿನ ಗಟ್ಟಿ ಭಾಗದಲ್ಲಿ ಒಂದು ಗೇಣು ಬಾಲ ಬಿಟ್ಟು ಕತ್ತರಿಸಿ, ಅದರ ತುದಿಗೆ ವೈರಿಗೆ ಹಾಕುವ ಹೆಣ್ಣು ಸಾಕೆಟ್ ಬೆಸೆದರೂ ಅರ್ಧ ಗೆದ್ದ ಹಾಗೆ. ಕಪ್ಪಿನ ಬುಡದ ಬಳುಕಾಟ ತಪ್ಪುವುದಿಲ್ಲ, ಆದರೆ ಎಳೆತ ಅಲ್ಲಿಯವರೆಗೆ ಹೋಗುವುದಿಲ್ಲ, ಡ್ರಿಲ್ ಮುಟ್ಟುವ ಕೆಲಸವೂ ಇಲ್ಲ.