ಮಂಗಳೂರನ್ನು ನೀರಿನ ಕಡೆಯಿಂದ ತೋರಿಸಿದ ದಿನ

ನೆಂಟರು ಬಂದರೆ ಊರು ತೋರಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಮೊದಲೆಲ್ಲ ಹತ್ತು ಗಂಟೆಗೆ ಹೊರಟು ಎರಡು ದೇವಸ್ಥಾನ, ಒಂದು ಮಾಲ್, ಸಂಜೆ ಪಣಂಬೂರು ಬೀಚ್ ಅಂತ ಮುಗಿಸುತ್ತಿದ್ದೆ. ಸೆಕೆಗೆ ಎಲ್ಲರೂ ಸುಸ್ತು. ಮಂಗಳೂರು ಹೇಗಿತ್ತು ಅಂದರೆ ಯಾರ ಬಾಯಲ್ಲೂ ಮಾತಿಲ್ಲ. ಹೋದ ಡಿಸೆಂಬರ್‌ನಲ್ಲಿ ದಾವಣಗೆರೆಯಿಂದ ಅಕ್ಕ, ಭಾವ, ಇಬ್ಬರು ಮಕ್ಕಳು ಬಂದರು. ಈ ಸಲ ನೀರಿನ ಕಡೆಯಿಂದಲೇ ಶುರು ಮಾಡಿದೆ. ಬಂದರಿನಿಂದ ಬೆಳೆದ ಊರು ಅಲ್ವಾ?

ಬೆಳಗ್ಗೆ ಆರಕ್ಕೆ ದಕ್ಕೆಗೆ, ಅಂದರೆ ಮೀನುಗಾರಿಕೆ ಬಂದರಿಗೆ ಹೋದೆವು. ರಾತ್ರಿಯೆಲ್ಲ ಕಡಲಲ್ಲಿದ್ದ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ ಮೀನು ಕೈಯಿಂದ ಕೈಗೆ ದಾಟಿ ದಡಕ್ಕೆ ಬರುತ್ತಿತ್ತು. ಹೆಂಗಸರು ಕುಕ್ಕರಗಾಲಲ್ಲಿ ಕೂತು ಗಾತ್ರ ನೋಡಿ ಬೇರೆ ಮಾಡುತ್ತಿದ್ದರು. ಅವರ ಕೈ ಓಡುವ ವೇಗಕ್ಕೆ ಅಕ್ಕನ ಮಗಳು ಕಣ್ಣು ಕೀಳಲಿಲ್ಲ. ನೆಲವೆಲ್ಲ ಐಸ್ ನೀರು, ಹಾಗಾಗಿ ರಬ್ಬರ್ ಚಪ್ಪಲಿಯೇ ಸರಿ. ಕೆಲಸದ ಜಾಗ ಅದು, ದಾರಿಗೆ ಅಡ್ಡ ನಿಲ್ಲಬಾರದು. ಜೂನ್, ಜುಲೈಯಲ್ಲಿ ಮಾತ್ರ ಬರಬೇಡಿ. ಆಗ ಯಾಂತ್ರಿಕ ಬೋಟುಗಳಿಗೆ ರಜೆ, ದಕ್ಕೆ ಖಾಲಿ.

ಅಲ್ಲಿಂದ ಹಳೇ ಬಂದರಿಗೆ. ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಜಲ್ಲಿ ಹೊರುವ ಮಂಜಿಗಳು, ಅಂದರೆ ಮರದ ಸರಕು ಹಡಗುಗಳು, ಇವತ್ತಿಗೂ ಇಲ್ಲಿಂದಲೇ ಹೊರಡುತ್ತವೆ. ಅಲ್ಲೇ ನಿಂತು ಮಕ್ಕಳಿಗೆ ಬೆನ್ ಯಿಜು ಕತೆ ಹೇಳಿದೆ. ಸುಮಾರು ಒಂಬೈನೂರು ವರ್ಷದ ಹಿಂದೆ ಟುನೀಸಿಯಾ ಕಡೆಯ ಈ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಹದಿನೇಳು ವರ್ಷದಷ್ಟು ಕಾಲ ಇದ್ದ. ಯೆಮೆನ್‌ನ ಏಡನ್ ಬಂದರಿಗೆ ಮೆಣಸು, ಕಂಚಿನ ಸಾಮಾನು ಕಳಿಸುತ್ತಿದ್ದ. ಅವನ ವ್ಯಾಪಾರಕ್ಕೆಂದು ಏಡನ್‌ವರೆಗೂ ಹೋಗಿಬಂದ ಆಳಿನ ಹೆಸರು ಬೊಮ್ಮ. ಅವರ ಪತ್ರಗಳು ಸಿಕ್ಕಿದ್ದು ದೂರದ ಕೈರೋದಲ್ಲಿ. "ಬೊಮ್ಮ ನಮ್ಮವನೇನಾ ಚಿಕ್ಕಮ್ಮ?" ಅಂತ ಅಕ್ಕನ ಮಗ ಕೇಳಿದ. ಹೆಸರು ಕೇಳಿದರೆ ನಮ್ಮವನೇ ಅನ್ನಿಸುತ್ತದೆ ಅಂದೆ. ಆಮೇಲೆ ಮಂಜಿ ಕಂಡಾಗಲೆಲ್ಲ ಅವನಿಗೆ ಬೊಮ್ಮನದೇ ಧ್ಯಾನ.

ಒಂದು ಹಳೇ ಗೋದಾಮಿನ ಪಕ್ಕ ಒಡೆದ ಹಂಚು ಬಿದ್ದಿತ್ತು. ತಿರುಗಿಸಿ ಮಣ್ಣು ಒರೆಸಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಹೆಸರು, 1865 ಅಂತ ಇಸವಿ. ಜೆಪ್ಪುವಿನಲ್ಲಿ ಅವರ ಹಂಚಿನ ಕಾರ್ಖಾನೆ ಶುರುವಾದ ವರ್ಷ ಅದು. ನದಿ ದಂಡೆಯ ಜೇಡಿಮಣ್ಣು ಹಂಚಾಗಿ, ಹಡಗು ಹತ್ತಿ ದೇಶ ದಾಟಿತು. ಭಾವ ಸಿವಿಲ್ ಕಂಟ್ರಾಕ್ಟರ್. ಆ ಚೂರನ್ನು ತುಂಬಾ ಹೊತ್ತು ಕೈಯಲ್ಲೇ ಹಿಡಿದಿದ್ದರು.

ಗೋಳಿಬಜೆ, ಕಾಫಿ ಮುಗಿಸಿ, ಬಿಸಿಲು ಏರುವ ಹೊತ್ತಿಗೆ ಸಂತ ಅಲೋಶಿಯಸ್ ಚಾಪೆಲ್‌ನ ನೆರಳಿಗೆ ಬಂದೆವು. ಗೋಡೆ, ಛಾವಣಿ ತುಂಬ ಚಿತ್ರ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ಇದನ್ನು ಬರೆದು ಮುಗಿಸಿದ್ದು 1901ರಲ್ಲಿ. ಇಲ್ಲಿ ಅವಸರ ಮಾಡಬೇಡಿ. ಬೆಂಚಿನ ಮೇಲೆ ಸುಮ್ನೆ ಕೂತು ತಲೆ ಎತ್ತಿದರೆ ಸಾಕು.

ಮಧ್ಯಾಹ್ನ ಮನೆಯಲ್ಲೇ ಊಟ, ನಿದ್ದೆ. ಇದನ್ನು ಬಿಡಲೇಬೇಡಿ. ಕರಾವಳಿಯ ಎರಡು ಗಂಟೆ ಬಿಸಿಲಲ್ಲಿ ಮಕ್ಕಳನ್ನು ತಿರುಗಿಸಿದರೆ ಸಂಜೆ ಕೈಗೆ ಸಿಗುವುದಿಲ್ಲ.

ನಾಲ್ಕಕ್ಕೆ ಬೋಳೂರಿನ ಸುಲ್ತಾನ್ ಬತ್ತೇರಿ. ಗುರುಪುರ ನದಿಯೊಳಗೆ ಶತ್ರುಗಳ ಯುದ್ಧದ ಹಡಗು ನುಗ್ಗದಿರಲಿ ಅಂತ ಟಿಪ್ಪು ಕಟ್ಟಿಸಿದ್ದು. ಚಿಕ್ಕ ಬುರುಜು, ಹತ್ತೇ ನಿಮಿಷದಲ್ಲಿ ನೋಡಿ ಆಗುತ್ತದೆ. ಮಕ್ಕಳಿಗೆ ಅಷ್ಟೇನೂ ಹಿಡಿಸಲಿಲ್ಲ. ಪಕ್ಕದಲ್ಲೇ ತಣ್ಣೀರುಬಾವಿಗೆ ಫೆರಿ ಸಿಗುತ್ತದೆ. ಹತ್ತುವ ಮುಂಚೆಯೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡೆ. ಹಿಂದೊಮ್ಮೆ ಅದು ತಪ್ಪಿಹೋಗಿ, ಕತ್ತಲಲ್ಲಿ ಆಟೋ ಹುಡುಕಿ ಕೂಳೂರು ಸೇತುವೆ ಸುತ್ತಿ ಬಂದಿದ್ದೆ.

ಬೀಚಿನಲ್ಲಿ ಒಂದು ಗಂಟೆ ಆಡಿ ವಾಪಸ್ ದೋಣಿ ಹತ್ತಿದೆವು. ನದಿ ಮಧ್ಯಕ್ಕೆ ಬಂದಾಗ ಮಗ ಬತ್ತೇರಿಯನ್ನೇ ನೋಡುತ್ತಿದ್ದ. ಹತ್ತಿರ ಬಂದಂತೆ ಗೋಡೆಯ ಕಿಂಡಿಗಳು ಒಂದೊಂದಾಗಿ ಕಾಣತೊಡಗಿದವು. ಅವನು ನನ್ನ ಕೈ ಹಿಡಿದು ಮೆಲ್ಲಗೆ, "ಚಿಕ್ಕಮ್ಮ, ಆ ಕಿಂಡಿಗಳೆಲ್ಲ ನಮ್ಮ ದೋಣಿ ಕಡೆಗೇ ಇವೆ" ಅಂದ.